ಬೇಸಿಗೆ ಟ್ರೆಕ್‌ಗೆ ಹಗುರ ಹಾಸಿಗೆ: ಮಿಲಿಟರಿ ಸರ್‌ಪ್ಲಸ್‌ನಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಕೌದಿ_ಪಿಂಪ್ರಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯವನು, ಪುಣೆಗೆ ಬಂದು 11 ವರ್ಷ ಆಯಿತು. ಫೆಬ್ರವರಿಯಿಂದ ಮಳೆ ಬೀಳುವ ತನಕ ತಿಂಗಳಿಗೆ ಒಂದು ರಾತ್ರಿಯಾದರೂ ಯಾವುದಾದರೂ ಕೋಟೆಯ ಮೇಲೆ ಮಲಗುತ್ತೇನೆ. ರಾಜಮಾಚಿ, ತೋರಣಾ, ಹರಿಶ್ಚಂದ್ರಗಡ. ಹೋದ ವಾರ ನಮ್ಮ ಬಳಗದ ಇಬ್ಬರು ಹುಡುಗರು ಫೋನ್ ಮಾಡಿ, "ಅಣ್ಣಾ, ಜುನಾ ಬಜಾರ್‌ನಲ್ಲಿ ಮಿಲಿಟರಿ ಸ್ಲೀಪಿಂಗ್ ಬ್ಯಾಗ್ ಇದೆ, ತಗೊಳ್ಳೋಣವಾ?" ಅಂತ ಕೇಳಿದರು. ಜುನಾ ಬಜಾರ್ ಅಂದರೆ ಪುಣೆಯ ಹಳೆ ಸಾಮಾನಿನ ಸಂತೆ. ಫೋನಿನಲ್ಲಿ ಹೇಳಿದ್ದು ನನಗೇ ಸಾಲಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ತಿಳಿದವರು ತಿದ್ದಿ, ಸೇರಿಸಿ.

ಮೊದಲು ನನಗೆ ಆದದ್ದನ್ನು ಹೇಳಿಬಿಡುತ್ತೇನೆ. 6 ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ದಪ್ಪ ಹಸಿರು ಸ್ಲೀಪಿಂಗ್ ಬ್ಯಾಗ್ ಕೊಂಡೆ. ಹಿಮದಲ್ಲೂ ಬೆಚ್ಚಗಿರುತ್ತದೆ ಅಂದರು. ಅದು ನಿಜವೇ ಇರಬೇಕು. ಆದರೆ ನಾನು ಹೊರಟಿದ್ದು ಏಪ್ರಿಲ್‌ನಲ್ಲಿ, ರಾಜಮಾಚಿಗೆ. ಲೋಣಾವಳದಿಂದ ಸುಮಾರು 15 ಕಿಲೋಮೀಟರ್ ನಡಿಗೆ. ಆ ಬ್ಯಾಗ್ ಒಂದೇ 2 ಕೆಜಿ 800 ಗ್ರಾಂ. ಕೋಟೆ ಕೆಳಗಿನ ಉಧೇವಾಡಿ ಹಳ್ಳಿ ಮುಟ್ಟುವ ಹೊತ್ತಿಗೆ ಹೆಗಲು ಕೆಂಪಾಗಿತ್ತು. ರಾತ್ರಿ ಒಳಗೆ ಹೊಕ್ಕರೆ ಹತ್ತೇ ನಿಮಿಷದಲ್ಲಿ ಬೆವರು. ಜಿಪ್ ತೆಗೆದರೆ ಸೊಳ್ಳೆ. ಕೊನೆಗೆ ಬ್ಯಾಗಿನ ಮೇಲೆಯೇ ಮಲಗಿದೆ. ಬೆಳಗಿನ ಜಾವ 4 ಗಂಟೆಗೆ ನಡುಗುತ್ತಾ ಎದ್ದೆ. ಒಳಗಡೆ ಬೆವರಿನ ತೇವ, ಹೊರಗಡೆ ಇಬ್ಬನಿ. ಒಳಗೂ ಹೋಗೋಕಾಗದು, ಹೊರಗೂ ಇರೋಕಾಗದು.

ಆ ರಾತ್ರಿ ಅರ್ಥವಾಯಿತು. ನಮ್ಮ ಬೇಸಿಗೆಗೆ ಬೇಕಾದ ಹಾಸಿಗೆಯೇ ಬೇರೆ. ನಮಗೆ ಇಡೀ ರಾತ್ರಿ ಚಳಿ ಇರುವುದಿಲ್ಲ. ಕೆಳಗಿನ ನೆಲ, ಸುತ್ತಲಿನ ಸೊಳ್ಳೆ, ಬೆಳಗಿನ ಜಾವದ ಎರಡು ಮೂರು ತಾಸಿನ ತಂಪು, ಈ ಮೂರನ್ನು ತಡೆದರೆ ಸಾಕು. ಮಿಲಿಟರಿ ಸರ್‌ಪ್ಲಸ್‌ನಲ್ಲಿ ಅಂದರೆ ಸೈನ್ಯ ಬಳಸಿ ಮಾರಿಬಿಟ್ಟ ಸಾಮಾನಿನಲ್ಲಿ ಈ ಮೂರಕ್ಕೂ ಒಳ್ಳೆಯ ವಸ್ತು ಇದೆ. ಆದರೆ ಅದು ಸ್ಲೀಪಿಂಗ್ ಬ್ಯಾಗ್ ಅಲ್ಲ.

ನನ್ನ ಮೆಚ್ಚಿನದು ಪೊಂಚೋ ಲೈನರ್, ಅಂದರೆ ಪೊಂಚೋ ಅನ್ನೋ ಮಳೆ ಹೊದಿಕೆಯ ಒಳಗೆ ಕಟ್ಟುವ ತೆಳು ಹೊದಿಕೆ. ಅಮೆರಿಕದ ಸೈನ್ಯ 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಕಾಲಕ್ಕೆ ತಂದದ್ದು. ಅಲ್ಲಿನ ಸೈನಿಕರು ಪ್ರೀತಿಯಿಂದ 'ವೂಬಿ' ಅನ್ನುತ್ತಾರೆ. ಎರಡು ಪದರ ತೆಳು ನೈಲಾನ್, ನಡುವೆ ಪಾಲಿಯೆಸ್ಟರ್ ಹತ್ತಿಯ ತೆಳು ಹಾಳೆ, ಮೇಲೆ ಅಲೆ ಅಲೆಯಾಗಿ ಹೊಲಿಗೆ. ನಮ್ಮ ಕಡೆಯವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ನೈಲಾನ್ ಕೌದಿ. ಅಗಲ ಸುಮಾರು 157 ಸೆಂ.ಮೀ., ಉದ್ದ 208 ಸೆಂ.ಮೀ. ನನ್ನ ತಕ್ಕಡಿಯಲ್ಲಿ 620 ಗ್ರಾಂ. ಅವ್ವ ಹೊಲಿದ ಹತ್ತಿಯ ಕೌದಿ ಇದರ ನಾಲ್ಕು ಪಟ್ಟು ತೂಗುತ್ತದೆ.

ಕಾಡಿಗೆ ಇದು ಯಾಕೆ ಒಳ್ಳೆಯದು ಅಂದರೆ, ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ. ಒದ್ದೆಯಾದರೆ ಹಿಂಡಿ, ಕೊಡವಿ, ಮತ್ತೆ ಹೊದೆಯಬಹುದು. ಹತ್ತಿಯದ್ದಾಗಲಿ ಪುಕ್ಕದ್ದಾಗಲಿ ಹಾಗೆ ಆಗುವುದಿಲ್ಲ. ಇನ್ನೊಂದು, ಇದಕ್ಕೆ ಜಿಪ್ ಇಲ್ಲ. ಸೆಕೆ ಆದರೆ ಕಾಲು ಹೊರಗೆ, ಚಳಿ ಆದರೆ ಮೈಗೆ ಸುತ್ತಿಕೊಳ್ಳುವುದು. ಬೇಸಿಗೆಯ ರಾತ್ರಿ ಹತ್ತು ಸಲ ಹೀಗೆ ಬದಲಾಗುತ್ತದೆ, ಅಲ್ವಾ?

ಮೂಲೆಗಳಲ್ಲಿ, ಅಂಚಿನಲ್ಲಿ ಪುಟ್ಟ ಲಾಡಿಗಳಿವೆ. ಅವನ್ನು ಸುಮ್ನೆ ಬಿಟ್ಟಿಲ್ಲ. ಪೊಂಚೋದ ಅಂಚಿನ ರಿಂಗುಗಳಿಗೆ ಕಟ್ಟಲು ಕೊಟ್ಟದ್ದು. ಹಾಗೆ ಕಟ್ಟಿದರೆ ಎರಡೂ ಸೇರಿ ಒಂದೇ ಹೊದಿಕೆ. ಆದರೆ ನಮ್ಮ ಬೇಸಿಗೆಯಲ್ಲಿ ಹಾಗೆ ಕಟ್ಟಬೇಡಿ. ಪೊಂಚೋದಲ್ಲಿ ಗಾಳಿ ಆಡುವುದಿಲ್ಲ. ಮೈಯ ಆವಿ ಅದರ ಒಳಮೈಗೆ ತಾಗಿ ನೀರಾಗಿ ಲೈನರ್ ಮೇಲೆ ಇಳಿಯುತ್ತದೆ. ಪೊಂಚೋ ಅನ್ನು ಕೆಳಗೆ ಹಾಸಿ, ಇಲ್ಲವೇ ಮೇಲೆ ತಾಡಪತ್ರಿಯ ಹಾಗೆ ಕಟ್ಟಿ. ಮೈಗೆ ಮಾತ್ರ ಸುತ್ತಬೇಡಿ.

ಹಡಪಸರ_ಹುಡುಗ

ಅಣ್ಣಾ, ಫೋನ್ ಮಾಡಿದ್ದು ನಾನೇ. ಎರಡು ಪ್ರಶ್ನೆ. ಪುಣೆಯಲ್ಲಿ ಏಪ್ರಿಲ್ ರಾತ್ರಿ ಫ್ಯಾನ್ ಇಲ್ಲದೆ ನಿದ್ದೆ ಬರಲ್ಲ. ಮೇಲೆ ಹೊದೆಯೋಕೆ ಏನಾದರೂ ಬೇಕೇ ಬೇಕಾ? ಮತ್ತೆ ಆ ಪೊಂಚೋ ಲೈನರ್ ಇಲ್ಲಿ ಎಲ್ಲಿ ಸಿಗುತ್ತೆ?

ಕೌದಿ_ಪಿಂಪ್ರಿ

ತಮ್ಮಾ, ಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಹರಿಶ್ಚಂದ್ರಗಡ 1,424 ಮೀಟರ್. ಒಂದು ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ ಅನ್ನೋ ಲೆಕ್ಕ ಹಿಡಿದರೆ ಅಲ್ಲಿಯೇ 5 ಡಿಗ್ರಿ ಕಡಿಮೆ. ಅದರ ಮೇಲೆ ಕೊಂಕಣಕಡಾ ಅನ್ನೋ ಅಲ್ಲಿನ ಪ್ರಪಾತದ ಗಾಳಿ.

ಇನ್ನೊಂದು ಸಂಗತಿ, ಬಂಡೆ. ಪುಣೆ ಕಡೆಯ ಸಹ್ಯಾದ್ರಿ ಪೂರ್ತಿ ಕಪ್ಪು ಬಸಾಲ್ಟ್ ಕಲ್ಲು. ಹಗಲೆಲ್ಲ ಬಿಸಿಲು ಕುಡಿದಿರುತ್ತದೆ. ರಾತ್ರಿ 9 ಗಂಟೆಗೆ ಅಂಗೈ ಇಟ್ಟು ನೋಡು, ರೊಟ್ಟಿ ಸುಟ್ಟು ಇಳಿಸಿದ ಹಂಚಿನ ಹಾಗೆ ಬೆಚ್ಚಗಿರುತ್ತದೆ. "ಎಷ್ಟು ಚಂದ" ಅಂತ ಅದರ ಮೇಲೆ ಬರೀ ಚಾದರ ಹಾಸಿ ಮಲಗುತ್ತೇವೆ. ನಡುರಾತ್ರಿ ದಾಟಿದ ಮೇಲೆ ಅದೇ ಕಲ್ಲು ತಣ್ಣಗಾಗಿ ಮೈಯ ಬಿಸಿಯನ್ನು ಎಳೆಯೋಕೆ ಶುರು ಮಾಡುತ್ತದೆ. ಮೋಡ ಇಲ್ಲದ ರಾತ್ರಿ ಇನ್ನೂ ಜಾಸ್ತಿ. ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಬಯಲಲ್ಲಿ ಮಲಗಿದವನ ಮೇಲೆ ಇಬ್ಬನಿ ಬೀಳುತ್ತದೆ, ಹತ್ತೇ ಹೆಜ್ಜೆ ಆಚೆ ಮರದ ಕೆಳಗೆ ಮಲಗಿದವನ ಮೇಲೆ ಬೀಳುವುದಿಲ್ಲ.

ಹಾಗಾಗಿ ದುಡ್ಡು ಕಡಿಮೆ ಇದ್ದರೆ ಮೊದಲು ಕೆಳಗೆ ಹಾಸೋದಕ್ಕೆ ಹಾಕು. ಹೊದಿಕೆ ಯಾವುದೇ ಇರಲಿ, ಮೈ ಕೆಳಗೆ ಬಂದ ಭಾಗ ಚಪ್ಪಟೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಬೆಚ್ಚಗೆ ಇಡೋದು ಹತ್ತಿಯೂ ಅಲ್ಲ, ಪಾಲಿಯೆಸ್ಟರೂ ಅಲ್ಲ. ಅವುಗಳ ನಡುವೆ ನಿಂತ ಗಾಳಿ. ಮೈಯ ಭಾರಕ್ಕೆ ಆ ಗಾಳಿ ಹೊರಗೆ ಹೋಗುತ್ತದೆ. ಫೋಮ್ ಮ್ಯಾಟ್‌ನಲ್ಲಿ ಗಾಳಿ ಪುಟ್ಟ ಪುಟ್ಟ ಮುಚ್ಚಿದ ಗುಳ್ಳೆಗಳಲ್ಲಿ ಇರುತ್ತದೆ, ಓಡಿಹೋಗುವುದಿಲ್ಲ. ಜರ್ಮನ್ ಸೈನ್ಯದ ಮಡಿಸುವ ಫೋಮ್ ಮ್ಯಾಟ್ ಸಿಕ್ಕರೆ ಕಣ್ಣು ಮುಚ್ಚಿ ತಗೋ. ಬ್ಯಾಗಿನ ಬೆನ್ನಿಗೆ ಸರಿಯಾಗಿ ಕೂರುತ್ತದೆ, ದಾರಿಯಲ್ಲಿ ಕೂರೋಕೂ ಆಗುತ್ತದೆ. ಸಿಗದಿದ್ದರೆ ಸಾಮಾನ್ಯ ಕ್ಯಾಂಪಿಂಗ್ ಫೋಮ್ ಮ್ಯಾಟ್ ಸಾಕು, 300ರಿಂದ 400 ಗ್ರಾಂ. ಯೋಗದ ರಬ್ಬರ್ ಮ್ಯಾಟ್ ಬೇಡ. ಅದು ತೂಕ ಜಾಸ್ತಿ, ತಡೆಯುವುದು ಕಡಿಮೆ.

ಲೈನರ್ ಎಲ್ಲಿ ಅಂದರೆ, ಜುನಾ ಬಜಾರ್ ಬುಧವಾರ ಮತ್ತು ಭಾನುವಾರ ಇರುತ್ತದೆ. ಬೆಳಿಗ್ಗೆ ಬೇಗ ಹೋಗಬೇಕು. ಖಡಕಿ, ಕ್ಯಾಂಪ್ ಕಡೆಯ ಹಳೆ ಅಂಗಡಿಗಳಲ್ಲಿ ಕೇಳಬೇಕು. ಮುಂಬೈಗೆ ಹೋದಾಗ ಚೋರ್ ಬಜಾರ್. ಎಲ್ಲ ಸಲ ಸಿಗುವುದಿಲ್ಲ. ನನಗೆ ಮೂರನೇ ವರ್ಷಕ್ಕೆ ಸಿಕ್ಕಿತು.

ನಿವೃತ್ತ_ಸುಬೇದಾರ_ಖಡಕಿ

ತಮ್ಮಾ ಪಿಂಪ್ರಿ, ಚೆನ್ನಾಗಿ ಬರೆದಿದ್ದೀಯ. ನಾನು ಬೆಳಗಾವಿಯ ಹತ್ತಿರದ ಹಳ್ಳಿಯವನು. ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ನಮ್ಮ ಬೆಳಗಾವಿಯಲ್ಲೇ ಇದೆಯಲ್ಲ, ಭರ್ತಿ ಆಗಿದ್ದೂ ಅಲ್ಲೇ. 24 ವರ್ಷ ಸೇವೆ. ಈಗ ಖಡಕಿಯಲ್ಲಿ ಇದ್ದೇನೆ. ಎರಡು ಮಾತು ಹೇಳುತ್ತೇನೆ.

ಒಂದು, ನಮ್ಮ ಸಾಮಾನು ಯಾಕೆ ಭಾರ ಅನ್ನೋದು. ಸೈನ್ಯದ ವಸ್ತು ಹತ್ತು ವರ್ಷ ಬಾಳಬೇಕು. ಲಾರಿಯಿಂದ ಎಸೆಯುತ್ತಾರೆ, ಕಲ್ಲಿನ ಮೇಲೆ ಎಳೆಯುತ್ತಾರೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಮೊದಲು ಗಟ್ಟಿ, ಆಮೇಲೆ ಹಗುರ. ಹಾಸಿಗೆ ಸುತ್ತುವ ಹೋಲ್ಡಾಲ್ ಬಿಚ್ಚಿದರೆ ದರಿ, ಕಂಬಳಿ, ಚಾದರ, ಸೊಳ್ಳೆಪರದೆ. ಅದೆಲ್ಲ ರೈಲಿಗೆ, ಲಾರಿಗೆ ಹಾಕಿಕೊಂಡು ಹೋಗೋ ಸಾಮಾನು. ಬೆನ್ನಿಗೆ ಹಾಕಿ ಬೆಟ್ಟ ಹತ್ತೋದಕ್ಕಲ್ಲ. ನೆಲಕ್ಕೆ ಹಾಸುವ ರಬ್ಬರ್ ಹಾಕಿದ ಹಳೆ ಗ್ರೌಂಡ್‌ಶೀಟ್ ನೋಡಿ ಜನ ಖುಷಿಯಿಂದ ತಗೊಳ್ಳುತ್ತಾರೆ. ನೀರು ಒಂದು ಹನಿ ಬರುವುದಿಲ್ಲ, ನಿಜ. ಆದರೆ ಅದನ್ನು ಹೊತ್ತು ತೋರಣಾ ಹತ್ತಬೇಡಿ.

ಎರಡು, ಸೊಳ್ಳೆಪರದೆ. ಇದನ್ನು ನಿಮ್ಮ ಪಟ್ಟಿಯಲ್ಲಿ ಮೊದಲು ಬರೆಯಿರಿ. ನಾನು ಈಶಾನ್ಯದಲ್ಲಿ ಇದ್ದಾಗ ಸಂಜೆ ಆದರೆ ತೋಳು ಕೆಳಗೆ ಇಳಿಸಲೇಬೇಕು, ಪರದೆ ಕಟ್ಟಲೇಬೇಕು. ಅದು ಹುಕುಂ. ಪರದೆ ಹರಿದಿದ್ದರೆ ಪೆರೇಡಿನಲ್ಲಿ ಬೂಟು ಕೊಳಕಿದ್ದ ಹಾಗೆ ಬೈಗುಳ. ಸೈನ್ಯ ಇದನ್ನು ಕಷ್ಟಪಟ್ಟು ಕಲಿತಿದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಸೈನ್ಯ ನಡೆಸಿದ ಜನರಲ್ ಸ್ಲಿಮ್ ಲೆಕ್ಕ ಕೊಟ್ಟಿದ್ದಾರೆ. 1943ರಲ್ಲಿ ಗಾಯವಾಗಿ ಹಿಂದಕ್ಕೆ ಹೋದ ಒಬ್ಬ ಸೈನಿಕನಿಗೆ 120 ಜನ ಕಾಯಿಲೆಯಿಂದ ಹಿಂದಕ್ಕೆ ಹೋಗುತ್ತಿದ್ದರಂತೆ. ಅದರಲ್ಲಿ ಮಲೇರಿಯಾದ್ದೇ ದೊಡ್ಡ ಪಾಲು. ಗುಂಡಿಗಿಂತ ಸೊಳ್ಳೆಯೇ ಜಾಸ್ತಿ ಜನರನ್ನು ಕೆಡವಿತ್ತು.

ಪರದೆ ಕಟ್ಟುವಾಗ ನೆಲಕ್ಕೆ ಸುಮ್ನೆ ಬಿಡಬೇಡಿ. ಅಂಚನ್ನು ಮ್ಯಾಟ್ ಕೆಳಗೆ ಸುತ್ತಲೂ ಸಿಕ್ಕಿಸಬೇಕು. ಒಳಗೆ ಹೋದ ಮೇಲೆ ಟಾರ್ಚ್ ಹಾಕಿ ಒಮ್ಮೆ ಸುತ್ತ ನೋಡಿ. ಆಮೇಲೆ ಮಲಗಿ.

ಕೋಥರೂಡ್_ಅಕ್ಕ

ಕಾಕಾ ಹೇಳಿದ್ದು ಕೇಳಿ ಧೈರ್ಯ ಬಂತು. ಮೇ ಕೊನೆಗೆ ಭಂಡಾರದರಾ ಕಡೆ ಮಿಂಚುಹುಳ ನೋಡೋಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಮಳೆಗೆ ಮುಂಚೆ ಒಂದೆರಡು ವಾರ ಮರಗಳೆಲ್ಲ ಮಿನುಗುತ್ತವೆ ಅಂತಾರೆ. ನನ್ನ ಭಯ ಸೊಳ್ಳೆಯದ್ದಲ್ಲ, ಹಾವಿನದ್ದು. ನೆಲದ ಮೇಲೆ ಮಲಗಿಸೋದು ಸರಿಯಾ?

ರಾತ್ರಿ_ಪಾಳಿ

ಅಕ್ಕಾ, ನಾನು ಆಸ್ಪತ್ರೆಯಲ್ಲಿ ನರ್ಸ್. ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನೆಲದ ಮೇಲೆ ಮಲಗಿದವರಿಗೆ ಕಚ್ಚುವ ಹಾವು ಹೆಚ್ಚಾಗಿ ಕಟ್ಟುಹಾವು. ಮರಾಠಿಯಲ್ಲಿ ಮಣ್ಯಾರ್. ಅದು ರಾತ್ರಿ ಓಡಾಡುತ್ತದೆ. ಕಚ್ಚಿದ್ದು ಎಷ್ಟೋ ಸಲ ನೋವೇ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋತುಬೀಳೋದು, ಮಾತು ತೊದಲೋದು. ಮನೆಯವರು ಅಜೀರ್ಣ ಅಂದುಕೊಂಡು ಹೊತ್ತು ಕಳೆಯುತ್ತಾರೆ. ಹಾಗೆ ಮಾಡಬಾರದು. ಕಾಡಿನಲ್ಲಿ ಮಲಗಿ ಎದ್ದವರಿಗೆ ಈ ಲಕ್ಷಣ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷದ ಮದ್ದು ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುತ್ತದೆ. ಗಾಯ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ.

ಇನ್ನು ಧೈರ್ಯದ ಮಾತು. ಕಾಕಾ ಹೇಳಿದ ಹಾಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ ಹಾವಿಗೂ ಅಡ್ಡ. ನೇಪಾಳದ ತರಾಯಿ ಹಳ್ಳಿಗಳಲ್ಲಿ ಅಧ್ಯಯನ ಮಾಡಿ, ಪರದೆ ಒಳಗೆ ಮಲಗುವವರಿಗೆ ಹಾವು ಕಚ್ಚೋದು ಕಡಿಮೆ ಅಂತ ಕಂಡುಕೊಂಡಿದ್ದಾರೆ. ಮಕ್ಕಳಿಗೆ ಟೆಂಟ್ ಇದ್ದರೆ ಜಿಪ್ ಪೂರ್ತಿ ಹಾಕಿ. ಊಟದ ಚೂರು ಹತ್ತಿರ ಬಿಡಬೇಡಿ. ಚೂರಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ರಾತ್ರಿ ಮೂತ್ರಕ್ಕೆ ಏಳುವಾಗ ಬೂಟು ಕೊಡವಿ ಹಾಕಿಕೊಳ್ಳಿ, ಟಾರ್ಚ್ ಹಿಡಿದೇ ಹೋಗಿ.

ಇನ್ನೊಂದು ಕಾಯಿಲೆ ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಚಿಗರ್ ಅನ್ನೋ ನುಸಿಯ ಮರಿ ಕಚ್ಚಿ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಕಚ್ಚಿದ ಜಾಗದಲ್ಲಿ ಬೀಡಿ ಸುಟ್ಟ ಹಾಗೆ ಕಪ್ಪು ಹೊಪ್ಪಳೆ ಆಗಬಹುದು. ಅದು ಕಂಕುಳು, ಸೊಂಟ, ತೊಡೆಸಂದಿಯಲ್ಲಿ ಇರುವುದರಿಂದ ಗಮನಕ್ಕೇ ಬರುವುದಿಲ್ಲ. ಟ್ರೆಕ್ ಆಗಿ ಒಂದೆರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರ್‌ಗೆ "ಕಾಡಿನಲ್ಲಿ ಮಲಗಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಡಾಕ್ಸಿಸೈಕ್ಲಿನ್ ಅನ್ನೋ ಸಾಮಾನ್ಯ ಮಾತ್ರೆಗೇ ವಾಸಿಯಾಗುತ್ತದೆ, ಆದರೆ ಆ ಕಾಯಿಲೆ ಅಂತ ಹೊಳೆಯಬೇಕಲ್ಲ. ಹುಲ್ಲಿನ ಮೇಲೆ ನೇರವಾಗಿ ಮಲಗಬೇಡಿ, ಬಟ್ಟೆ ಒಣಹಾಕಬೇಡಿ. ಪೊಂಚೋ ಕೆಳಗೆ ಹಾಸಿಕೊಳ್ಳಿ.

ಮೈಗೆ ಹಚ್ಚೋಕೆ ಡೀಟ್ ಅನ್ನೋ ಸೊಳ್ಳೆ ಓಡಿಸೋ ಔಷಧ ಇರುವ ಕ್ರೀಮು ತಗೊಳ್ಳಿ. ಅದನ್ನೂ 1940ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೇ ಅಂತ ಕಂಡುಹಿಡಿದದ್ದು. ಹತ್ತಿ, ಉಣ್ಣೆ, ನೈಲಾನ್‌ಗೆ ಏನೂ ಆಗುವುದಿಲ್ಲ. ಆದರೆ ಪ್ಲಾಸ್ಟಿಕ್ ಕರಗಿಸುತ್ತದೆ. ಕನ್ನಡಕ, ಟಾರ್ಚ್, ವಾಚಿಗೆ ತಾಗಿಸಬೇಡಿ.

ಕೋಥರೂಡ್_ಅಕ್ಕ

ತುಂಬಾ ಉಪಕಾರ ಆಯಿತು. ಇದನ್ನು ಬರೆದಿಟ್ಟುಕೊಂಡೆ.

ಮಡಗಾಂವ್_ತೂಗುಮಂಚ

ಗೋವಾದಿಂದ ನನ್ನದೂ ಒಂದು ಮಾತು. ನಾನು ಕಾರವಾರದವನು. ಮೊಲೆಂ, ನೇತ್ರಾವಳಿ ಕಡೆಯ ಕಾಡಿನ ಸುತ್ತಮುತ್ತ ಓಡಾಡುತ್ತೇನೆ. ಅನುಮತಿ ಇರುವ ಕ್ಯಾಂಪ್ ಜಾಗಗಳಲ್ಲಿ ಮಾತ್ರ ಮಲಗುವುದು. ಇಲ್ಲಿ ಪುಣೆಯ ಲೆಕ್ಕ ನಡೆಯುವುದಿಲ್ಲ. ಮೇ ತಿಂಗಳಲ್ಲಿ ರಾತ್ರಿಯೂ 25 ಡಿಗ್ರಿಯ ಮೇಲೆ, ಗಾಳಿ ಪೂರ್ತಿ ತೇವ. ಲೈನರ್ ಕೂಡ ಬೇಡ. ಪರದೆ ಮತ್ತು ತೆಳು ಹತ್ತಿ ಬಟ್ಟೆ, ಅಷ್ಟೇ.

ನನಗೆ ಹಿಡಿಸಿದ್ದು ತೂಗುಮಂಚ, ಅಂದರೆ ಹ್ಯಾಮಕ್. ಅಮೆರಿಕದ ಸೈನ್ಯ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಕಾಡಿಗೆ ಅಂತ 1942ರಲ್ಲಿ ಜಂಗಲ್ ಹ್ಯಾಮಕ್ ಮಾಡಿತು. ಕೆಳಗೆ ಜೋಲಿ, ಸುತ್ತ ಸೊಳ್ಳೆಪರದೆ, ಮೇಲೆ ಮಳೆಗೆ ಚಾವಣಿ, ಮೂರೂ ಒಟ್ಟಿಗೆ ಹೊಲಿದದ್ದು. ಇವತ್ತು ಅಂಗಡಿಯಲ್ಲಿ ಸಿಗುವ ಪರದೆ ಹ್ಯಾಮಕ್‌ಗಳೆಲ್ಲ ಅದೇ ಉಪಾಯ. ನೆಲದ ಇರುವೆ, ಚೇಳು, ಹಾವು ಯಾವ ಚಿಂತೆಯೂ ಇಲ್ಲ. ಸೆಕೆಯಲ್ಲಿ ಕೆಳಗಿನಿಂದಲೂ ಗಾಳಿ.

ಆದರೆ ಅದೇ ಗಾಳಿ ಫೆಬ್ರವರಿಯಲ್ಲಿ ಬೆನ್ನನ್ನು ಕೊರೆಯುತ್ತದೆ. ಆಗ ಪೊಂಚೋ ಲೈನರ್ ಅನ್ನು ಮೇಲೆ ಹೊದೆಯದೆ ಹ್ಯಾಮಕ್‌ನ ಹೊರಗೆ, ಕೆಳಗಡೆ ಜೋತುಬಿಡಬೇಕು. ಮೈಯ ಭಾರ ಬೀಳದ ಕಾರಣ ಅದು ಚಪ್ಪಟೆ ಆಗುವುದಿಲ್ಲ. ಪಿಂಪ್ರಿ ಅಣ್ಣ ಹೇಳಿದ ಲಾಡಿಗಳು ಇದಕ್ಕೂ ಬರುತ್ತವೆ. ಮರಕ್ಕೆ ತೆಳು ಹಗ್ಗ ಕಟ್ಟಬೇಡಿ, ತೊಗಟೆ ಕೊಯ್ಯುತ್ತದೆ. ಅಗಲದ ಪಟ್ಟಿ ಹಾಕಿ.

ಕೌದಿ_ಪಿಂಪ್ರಿ

ಕೆಳಗಡೆ ಜೋತುಬಿಡೋದು ನನಗೆ ಹೊಳೆದೇ ಇರಲಿಲ್ಲ. ಭಾಳ ಒಳ್ಳೆ ಮಾತು. ನಮ್ಮ ಕೋಟೆಗಳ ನೆತ್ತಿಯಲ್ಲಿ ಕಟ್ಟೋಕೆ ಮರವೇ ಇಲ್ಲ, ಬರೀ ಕಾರವಿ ಪೊದೆ. ರಾಜಮಾಚಿಯ ಕೆಳಗಿನ ತೋಪಿನಲ್ಲಿ ಆಗಬಹುದು.

ವಾಕಡ್_ಟೆಕ್ಕಿ

ಒಂದು ಪ್ರಾಮಾಣಿಕ ಪ್ರಶ್ನೆ. ಇಷ್ಟೆಲ್ಲ ಹುಡುಕಾಟ ಯಾಕೆ? ಕ್ರೀಡಾ ಸಾಮಾನಿನ ಮಳಿಗೆಗೆ ಹೋದರೆ 1 ಕೆಜಿಯ ಬೇಸಿಗೆ ಸ್ಲೀಪಿಂಗ್ ಬ್ಯಾಗ್ ಹೊಸದೇ ಸಿಗುತ್ತದೆ. ಸರ್‌ಪ್ಲಸ್‌ನಲ್ಲಿ ಗೋರ್‌ಟೆಕ್ಸ್ ಬಿವಿ ಕವರ್, ಅಂದರೆ ಸ್ಲೀಪಿಂಗ್ ಬ್ಯಾಗ್ ಮೇಲೆ ಹಾಕುವ ನೀರು ತಡೆಯುವ ಚೀಲ, ನೋಡಿದೆ, ಅದು ಮಾತ್ರ ಆಸೆ ಆಯಿತು. ಟೆಂಟ್ ಬದಲು ಅದು ಸಾಕಲ್ವಾ?

ಕೌದಿ_ಪಿಂಪ್ರಿ

ಹೊಸದು ತಗೊಂಡರೆ ತಪ್ಪೇನಿಲ್ಲ ರೀ. ಆ ಬ್ಯಾಗನ್ನು ಪೂರ್ತಿ ಜಿಪ್ ತೆಗೆದು ಹೊದಿಕೆಯ ಹಾಗೆ ಬಳಸಿ.

ಬಿವಿ ಕವರ್ ಬಗ್ಗೆ ಮಾತ್ರ ತಡೆಯುತ್ತೇನೆ. ಬ್ರಿಟಿಷ್ ಸೈನ್ಯದ್ದಾಗಲಿ ಅಮೆರಿಕದ್ದಾಗಲಿ, ಹತ್ತಿರ ಹತ್ತಿರ 1 ಕೆಜಿ. ಗೋರ್‌ಟೆಕ್ಸ್ ಆವಿಯನ್ನು ಹೊರಗೆ ಬಿಡುತ್ತದೆ ಅನ್ನೋದು ನಿಜ. ಆದರೆ ಒಳಗೆ ತೇವ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ. ಚಳಿದೇಶದ ಒಣ ಗಾಳಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಮ್ಮ ಮೇ ಕೊನೆಯ ಗಾಳಿಯಲ್ಲಿ ಒಳಗೂ ತೇವ, ಹೊರಗೂ ತೇವ. ಆವಿ ಎಲ್ಲಿಗೆ ಹೋಗಬೇಕು? ಗೆಳೆಯರೊಬ್ಬರು ಹಿಂದೊಮ್ಮೆ ರಾಜಗಡ ಕೋಟೆಯ ಪದ್ಮಾವತಿ ಮಾಚಿಯ ಮೇಲೆ ಅದರೊಳಗೆ ಮಲಗಿ, ಬೆಳಿಗ್ಗೆ ಬನಿಯನ್ ಹಿಂಡಿದ್ದನ್ನು ನಾನೇ ನೋಡಿದ್ದೇನೆ. ಅದೇ ರೀತಿ ಅಮೆರಿಕದ ಹಸಿರು ಪ್ಯಾಟ್ರೋಲ್ ಬ್ಯಾಗ್, ಅಂದರೆ ಅವರ ತೆಳು ಸ್ಲೀಪಿಂಗ್ ಬ್ಯಾಗ್, ಒಳ್ಳೆಯದೇ, ಅದೂ ಸುಮಾರು 1 ಕೆಜಿ. ಅದನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ.

ಸರ್‌ಪ್ಲಸ್ ಯಾಕೆ ಅಂದರೆ, ಗಟ್ಟಿ. ನನ್ನ ಲೈನರ್‌ನ ಒಂದು ಹೊಲಿಗೆಯೂ ಇನ್ನೂ ಬಿಚ್ಚಿಲ್ಲ. ಒಬ್ಬರು ಬಳಸಿ ಬಿಟ್ಟದ್ದು ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ ಅಂದರೆ ನನಗೆ ಅದರಲ್ಲಿ ಸಂತೋಷ ಇದೆ.

ಹಡಪಸರ_ಹುಡುಗ

ಭಾನುವಾರ ಜುನಾ ಬಜಾರ್‌ಗೆ ಹೋಗಿದ್ದೆ ಅಣ್ಣಾ. ಒಂದು ಕಡೆ ಪೊಂಚೋ ಸಿಕ್ಕಿತು, ಆದರೆ ಮಡಿಕೆ ಬಿಚ್ಚಿದರೆ ಕೈಗೆ ಅಂಟುತ್ತಿತ್ತು. ಬಿಟ್ಟು ಬಂದೆ. ಸರಿ ಮಾಡಿದೆನಾ? ಒಂದು ಲೈನರ್ ಕೂಡ ಇತ್ತು. ಅಸಲಿನಾ ಅಂತ ಹೇಗೆ ಗೊತ್ತಾಗುತ್ತೆ?

ಕೌದಿ_ಪಿಂಪ್ರಿ

ಸರಿ ಮಾಡಿದೆ. ನೀರು ತಡೆಯಲು ಬಟ್ಟೆಯ ಒಳಗೆ ಪಾಲಿಯುರೆಥೇನ್ ಲೇಪ ಇರುತ್ತದೆ. ತೇವದ ಹವೆಯಲ್ಲಿ ವರ್ಷಗಟ್ಟಲೆ ಮಡಿಸಿ ಇಟ್ಟರೆ ಆ ಲೇಪ ಕೊಳೆತು ಅಂಟಾಗುತ್ತದೆ. ತೊಳೆದರೆ ಸರಿ ಹೋಗುವುದಿಲ್ಲ. ಮುಂಬೈ ಗೋದಾಮಿನ ಮಾಲಿನಲ್ಲಿ ಇದು ಜಾಸ್ತಿ. ಮಡಿಕೆ ಬಿಚ್ಚದೆ ಯಾವುದನ್ನೂ ಕೊಳ್ಳಬೇಡ. ಬಿಸಿಲಿಗೆ ಹಿಡಿದು ನೋಡು, ಸೂಜಿಮೊನೆಯಷ್ಟು ಬೆಳಕು ಬಂದರೂ ಅಲ್ಲಿ ನೀರು ಬರುತ್ತದೆ.

ಅಸಲಿ ನೋಡೋಕೆ ಒಳಗಿನ ಚೀಟಿ ಓದು. ನೇಟೋ ದೇಶಗಳ ಮಾಲಿಗೆ 13 ಅಂಕಿಯ ಸ್ಟಾಕ್ ನಂಬರ್ ಇರುತ್ತದೆ. ಮೊದಲ ನಾಲ್ಕು ಅಂಕಿ ಯಾವ ಬಗೆಯ ವಸ್ತು ಅಂತ ಹೇಳುತ್ತದೆ. ಸ್ಲೀಪಿಂಗ್ ಬ್ಯಾಗ್‌ಗೆ 8465, ಪೊಂಚೋ ಲೈನರ್‌ಗೆ 8405. ಆಮೇಲಿನ ಎರಡು ಅಂಕಿ ದೇಶ. 00 ಅಥವಾ 01 ಇದ್ದರೆ ಅಮೆರಿಕ, 99 ಬ್ರಿಟನ್, 12 ಜರ್ಮನಿ. ಲೈನರ್ ಚೀಟಿಯಲ್ಲಿ 'ಲೈನರ್, ವೆಟ್ ವೆದರ್, ಪೊಂಚೋ' ಅಂತ ಬರೆದಿರುತ್ತದೆ. ಚೀಟಿಯನ್ನೂ ನಕಲು ಮಾಡಬಹುದು, ಆದರೂ ಚೀಟಿಯೇ ಇಲ್ಲದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡ.

ನಿವೃತ್ತ_ಸುಬೇದಾರ_ಖಡಕಿ

ಕೊಳ್ಳುವ ಮಾತು ಬಂತಲ್ಲ, ಇದನ್ನೂ ಕೇಳಿ. ನಮ್ಮ ಸೈನ್ಯದ ಈಗಿನ ಯುದ್ಧ ಉಡುಪಿನ ಚುಕ್ಕೆ ಮಾದರಿ 2022ರ ಜನವರಿ 15ರಂದು, ಸೇನಾ ದಿನದಂದು ಹೊರಬಂತು. ಆ ವಿನ್ಯಾಸವನ್ನು ಸೈನ್ಯ ನೋಂದಾಯಿಸಿದೆ, ಬಜಾರಿನಲ್ಲಿ ಮಾರುವ ಹಾಗಿಲ್ಲ. ಅದನ್ನು ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಸೈನಿಕ ಅಂತ ನಂಬಿಸಲು ಸೈನಿಕನ ಉಡುಪು ಹಾಕಿಕೊಳ್ಳುವುದು ಹಿಂದಿನಿಂದಲೂ ಅಪರಾಧ. ನಿಮ್ಮ ಮನಸ್ಸಿನಲ್ಲಿ ಅಂಥದ್ದು ಇಲ್ಲ, ಗೊತ್ತು. ಆದರೂ ಕೋಟೆಯ ಮೇಲೆ, ನಾಕಾದಲ್ಲಿ ಅನುಮಾನಕ್ಕೆ ಎಡೆ ಕೊಡೋದು ಯಾಕೆ? ಸಾದಾ ಹಸಿರು, ಖಾಕಿ, ಕಂದು ಬಣ್ಣದ್ದು ತಗೊಳ್ಳಿ. ಆ ಬಟ್ಟೆಗೆ ನಮ್ಮ ಹುಡುಗರ ಬೆವರಿನ ಬೆಲೆ ಇದೆ.

ವಾಕಡ್_ಟೆಕ್ಕಿ

ಖಂಡಿತ ಸರ್. ನಿಮ್ಮ ಮಾತು ನೆನಪಿಡುತ್ತೇನೆ.

ಕೌದಿ_ಪಿಂಪ್ರಿ

ಲೈನರ್ ಸಿಗದವರಿಗೆ ಒಂದು ದಾರಿ ಹೇಳುತ್ತೇನೆ. ಇದನ್ನು ಬರೆಯಬೇಕು ಅಂತಲೇ ಇಷ್ಟು ದಿನ ಕಾದೆ. ಹೋದ ದೀಪಾವಳಿಗೆ ಅವ್ವ ಪುಣೆಗೆ ಬಂದಿದ್ದಳು. ನನ್ನ ಲೈನರ್ ಮುಟ್ಟಿ, ತಿರುವಿ ನೋಡಿ, "ಇದು ಕೌದಿನಪ್ಪ, ನಾನೂ ಹೊಲಿತೀನಿ" ಅಂದಳು. ಹೊಲಿದೇ ಬಿಟ್ಟಳು.

ಲೆಕ್ಕ ಹೀಗೆ. ಅಗಲ ಒಂದೂವರೆ ಮೀಟರ್, ಉದ್ದ 2.1 ಮೀಟರ್. ಅಂದರೆ 3.15 ಚದರ ಮೀಟರ್. ಬಟ್ಟೆ ಚದರ ಮೀಟರಿಗೆ 50 ಗ್ರಾಂ ತೂಗುವ, ಅಂದರೆ 50 ಜಿಎಸ್‌ಎಂ ನೈಲಾನ್, ಎರಡು ಪದರ, ಸುಮಾರು 315 ಗ್ರಾಂ. ನಡುವೆ 100 ಜಿಎಸ್‌ಎಂ ಪಾಲಿಯೆಸ್ಟರ್ ವ್ಯಾಡಿಂಗ್ ಹಾಳೆ, ಅದೂ 315 ಗ್ರಾಂ. ಒಟ್ಟು 630. ದಾರ, ಅಂಚುಪಟ್ಟಿ ಸೇರಿ ನಮ್ಮದು 670 ಗ್ರಾಂ ಬಂತು. ಬಟ್ಟೆ ಕೊಳ್ಳುವಾಗ ಒಂದೇ ಪರೀಕ್ಷೆ. ಬಾಯಿಗೆ ಒತ್ತಿ ಹಿಡಿದು ಊದಬೇಕು. ಉಸಿರು ಸ್ವಲ್ಪ ಆಚೆ ಬಂದರೆ ಹೊದಿಕೆಗೆ ಆಗುತ್ತದೆ. ಒಂಚೂರೂ ಬರದಿದ್ದರೆ ಅದು ಲೇಪ ಹಾಕಿದ ಛತ್ರಿ ಬಟ್ಟೆ, ಬೇಡ. ದಿಂಬಿಗೆ ತುಂಬುವ ಬಿಡಿ ಹತ್ತಿಯೂ ಬೇಡ, ಅದು ಒಂದೇ ಕಡೆ ಗುಂಪಾಗುತ್ತದೆ. ಹಾಳೆಯೇ ಬೇಕು.

ಅವ್ವನ ಮೊದಲ ಯೋಚನೆ ಕೌದಿಯ ಹಾಗೆ ಬೆರಳಗಲಕ್ಕೊಂದು ಸಾಲು ಹಾಕೋದು. ನಾನು ಬೇಡ ಅಂದೆ. ಹೊಲಿಗೆ ಬಿದ್ದ ಕಡೆಯೆಲ್ಲ ಎರಡು ಬಟ್ಟೆ ಒಂದಕ್ಕೊಂದು ಅಂಟಿ ಗಾಳಿ ನಿಲ್ಲೋಕೆ ಜಾಗ ಇರುವುದಿಲ್ಲ. ಕೊನೆಗೆ ಒಂದು ಗೇಣಿಗೊಂದು ಸಾಲು ಹಾಕಿದಳು. ನೈಲಾನ್ ಜಾರುತ್ತದೆ ಅಂತ ಮೊದಲು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಉದ್ದಕ್ಕೂ ಕಚ್ಚಾ ಟಾಕಿ ಹಾಕಿಕೊಂಡಳು. ಆಮೇಲೆ ಗಟ್ಟಿ ಹೊಲಿಗೆ. ನಾಲ್ಕು ದಿನದ ಕೆಲಸ. ಮೂಲೆಗೆ ಹಳೆ ಇಳಕಲ್ ಸೀರೆಯ ಸೆರಗಿನ ಚೂರು ಹಚ್ಚಿದ್ದಾಳೆ. ಮಾರ್ಚ್‌ನಲ್ಲಿ ತೋರಣಾದ ಮೆಂಗಾಯಿ ಗುಡಿಯಲ್ಲಿ ಅದನ್ನೇ ಹೊದ್ದು ಮಲಗಿದೆ. ಬೆಳಗಿನ ತನಕ ಎಚ್ಚರ ಆಗಲಿಲ್ಲ.

ಇನ್ನೊಂದು ಅಗ್ಗದ ಉಪಾಯ. ಎರಡು ಹತ್ತಿ ಲುಂಗಿ ತಗೊಂಡು, ಒಂದರ ಬಾಯಿಗೆ ಇನ್ನೊಂದರ ಬಾಯಿ ಸೇರಿಸಿ ಹೊಲಿಸಿ. ಮೊದಲೇ ಮೂಟಿ ಹಾಕಿದ, ಅಂದರೆ ಅಂಚು ಸೇರಿಸಿ ಸುತ್ತಾಗಿ ಹೊಲಿದ ಲುಂಗಿ ಆಗಿರಬೇಕು. ಸುಮಾರು 2.4 ಮೀಟರ್ ಉದ್ದದ ಚೀಲ ಆಗುತ್ತದೆ. ಅದರೊಳಗೆ ಹೊಕ್ಕು, ಮೇಲೆ ಲೈನರ್. ಹೀಗೆ ಮಾಡಿದರೆ ಲೈನರ್‌ನ ನೈಲಾನ್ ಬೆವರಿನ ಮೈಗೆ ಅಂಟುವುದಿಲ್ಲ. ಸೆಕೆ ರಾತ್ರಿಯಲ್ಲಿ ಲುಂಗಿಚೀಲ ಒಂದೇ ಸಾಕು.

ಕೊನೆಗೆ ನಾನು ಈಗ ಹೊರುವ ಲೆಕ್ಕ: ಲೈನರ್ 620, ಪರದೆ 350, ಫೋಮ್ ಮ್ಯಾಟ್ 400, ಪೊಂಚೋ 630, ಲುಂಗಿಚೀಲ 400. ಒಟ್ಟು 2 ಕೆಜಿ 400 ಗ್ರಾಂ. ಹಳೆ ಬ್ಯಾಗ್ ಒಂದೇ ಇದಕ್ಕಿಂತ ಭಾರ ಇತ್ತು. ಅದರಲ್ಲಿ ಪರದೆಯೂ ಇರಲಿಲ್ಲ, ಮ್ಯಾಟೂ ಇರಲಿಲ್ಲ. ಒಂದು ಎಚ್ಚರಿಕೆ, ಇದು ನೈಲಾನ್. ಒಲೆ, ಬೆಂಕಿಯ ಹತ್ತಿರ ಹೊದ್ದು ಕೂರಬೇಡಿ. ಒಂದು ಕಿಡಿಗೆ ತೂತು ಬೀಳುತ್ತದೆ, ಮೈಗೆ ಕರಗಿ ಅಂಟಿಕೊಂಡರೆ ಸುಟ್ಟಗಾಯ. ತೊಳೆಯೋದು ತಣ್ಣೀರು, ಸಾದಾ ಸೋಪು, ನೆರಳು. ಇಸ್ತ್ರಿ ಬೇಡ. ಮನೆಯಲ್ಲಿ ಬಿಗಿಯಾಗಿ ಸುತ್ತಿ ಇಡಬೇಡಿ, ಸಡಿಲವಾಗಿ ಮಡಚಿಡಿ.

ಹಡಪಸರ_ಹುಡುಗ

ಅಣ್ಣಾ, ನಿನ್ನೆ ರಾತ್ರಿ ತೋರಣಾದಿಂದ ಬಂದೆ. ಫೋಮ್ ಮ್ಯಾಟ್, ಲುಂಗಿಚೀಲ, ಬಜಾರಿನ ಲೈನರ್. ನೀವು ಹೇಳಿದ ಹಾಗೆ 3 ಗಂಟೆಯ ನಂತರ ಲೈನರ್ ಬೇಕಾಯಿತು, ಅಲ್ಲೀ ತನಕ ಕಾಲಡಿಯಲ್ಲೇ ಇತ್ತು. ನಿದ್ದೆ ಚೆನ್ನಾಗಿ ಆಯಿತು. ಒಂದೇ ತೊಂದರೆ. ಪರದೆಯನ್ನು ಎರಡು ವಾಕಿಂಗ್ ಕೋಲಿಗೆ ಕಟ್ಟಿದ್ದೆ. ನಿದ್ದೆಯಲ್ಲಿ ಮೊಣಕೈ ಪರದೆಗೆ ತಾಗಿತ್ತು. ತಾಗಿದ ಜಾಗಕ್ಕೆಲ್ಲ ಹೊರಗಿನಿಂದಲೇ ಕಚ್ಚಿವೆ, ಹನ್ನೆರಡು ದದ್ದು.

ನಿವೃತ್ತ_ಸುಬೇದಾರ_ಖಡಕಿ

ಪರದೆಯ ಕೆಳಭಾಗಕ್ಕೆ ಸುತ್ತಲೂ ಒಂದು ಮೊಳ ಎತ್ತರದ ಹತ್ತಿ ಬಟ್ಟೆಯ ಪಟ್ಟಿ ಹೊಲಿಸು ತಮ್ಮಾ. ಹಳೆ ಚಾದರ ಆದೀತು. ಮಲಗಿದಾಗ ಕೈ, ಮೊಣಕಾಲು ತಾಗೋದು ಆ ಎತ್ತರದಲ್ಲೇ. ಒತ್ತಾದ ಬಟ್ಟೆ ಇದ್ದರೆ ಸೊಳ್ಳೆಯ ಸೊಂಡಿಲು ದಾಟೋದು ಕಷ್ಟ, ಮ್ಯಾಟ್ ಕೆಳಗೆ ಸಿಕ್ಕಿಸೋಕೂ ಹಿಡಿತ ಸಿಗುತ್ತದೆ. ನನ್ನ ಹತ್ತಿರ ಹಳೆಯ ಪರದೆ ಒಂದಿದೆ, ಪಟ್ಟಿ ಹೊಲಿದದ್ದು. ಖಡಕಿ ಕಡೆ ಬಂದಾಗ ಬಾ, ಅಳತೆ ನೋಡಿಕೊಂಡು ಹೋಗು.